ಪಾಪುವಿನ ಲೆಕ್ಕ, ನನ್ನ ಲೆಕ್ಕ

ನನಗೆ ಮೊದಲ ಕೆಲಸ ಸಿಕ್ಕಿದಾಗ ವಯಸ್ಸು 49. ಅದಕ್ಕೆ ಮುಂಚೆ ಎರಡು ಮಕ್ಕಳನ್ನು ಬೆಳೆಸಿದ್ದೆ. ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷ ನೋಡಿಕೊಂಡಿದ್ದೆ. ಅದನ್ನೆಲ್ಲ ಯಾರೂ ಕೆಲಸ ಅಂತ ಕರೆದಿರಲಿಲ್ಲ, ನಾನೂ ಕರೆದಿರಲಿಲ್ಲ. ಬ್ಯಾಂಕಿನ ಫಾರಂನಲ್ಲಿ ಉದ್ಯೋಗ ಅಂತ ಇದ್ದ ಕಡೆ 'ಗೃಹಿಣಿ' ಅಂತ ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದೆ.

2023ರ ಆಗಸ್ಟ್. ಮಗನ ಓದಿನ ಸಾಲದ ಕಂತು ಶುರುವಾಗಿತ್ತು. ನಮ್ಮ ಮನೆಯವರ ಕಾರ್ಖಾನೆಯಲ್ಲಿ ಓಟಿ, ಅಂದರೆ ಹೆಚ್ಚು ಹೊತ್ತಿನ ಕೆಲಸ, ನಿಂತು ಹೋಗಿತ್ತು. ದೇವಸ್ಥಾನದಲ್ಲಿ ಪರಿಚಯವಾದ ಒಬ್ಬರು ನಮ್ಮ ಮೈಸೂರಿನ ಗೋಕುಲಂನಲ್ಲಿ ಒಂದು ಮನೆ ಇದೆ, ಎಂಟು ತಿಂಗಳ ಮಗು, ತಾಯಿ ಸಾಫ್ಟ್‌ವೇರ್ ಕೆಲಸಕ್ಕೆ ವಾಪಸ್ ಹೋಗಬೇಕು, ನಂಬಿಕಸ್ಥರು ಬೇಕಂತೆ ಅಂದರು. ನಾನು ಯೋಚನೆ ಮಾಡಿ ಹೇಳ್ತೀನಿ ಅಂದೆ. ನಿಜ ಹೇಳಬೇಕೆಂದರೆ ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ. ಮನೆಯಲ್ಲಿ ಹೇಗೆ ಹೇಳುವುದು ಅನ್ನುವುದಷ್ಟೇ ಇತ್ತು.

"ಈ ವಯಸ್ಸಲ್ಲಿ ಆಯಾ ಕೆಲಸಕ್ಕೆ ಹೋಗ್ತೀಯಾ?" ಅಂದರು ಇವರು.

ಆ 'ಆಯಾ' ಅನ್ನುವ ಪದ ನನ್ನ ಬೆನ್ನಿಗೆ ಎರಡು ತಿಂಗಳು ಅಂಟಿಕೊಂಡಿತ್ತು. ಬೀದಿಯಲ್ಲಿ ಯಾರಾದರೂ ಕೇಳಿದರೆ "ಗೊತ್ತಿರೋರ ಮನೆ, ಸುಮ್ನೆ ಮಗು ಜೊತೆ ಇರ್ತೀನಿ" ಅನ್ನುತ್ತಿದ್ದೆ. ಸಂಬಳದ ವಿಷಯ ಬಾಯಿ ಬಿಡುತ್ತಿರಲಿಲ್ಲ.

ಮೊದಲ ದಿನವೇ ಕರೆಯುವುದು ಹೇಗೆ ಅನ್ನುವ ಕಷ್ಟ ಬಂತು. ಪಾಪುವಿನ ತಾಯಿಗೆ 31 ವರ್ಷ. ನಾನು 'ಮೇಡಂ' ಅಂದೆ. "ಅಯ್ಯೋ, ಮೇಡಂ ಬೇಡ, ಹೆಸರು ಹಿಡಿದು ಕರೀರಿ" ಅಂದರು. ಸಂಬಳ ಕೊಡುವವರ ಹೆಸರು ನನ್ನ ನಾಲಿಗೆಗೆ ಬರಲೇ ಇಲ್ಲ. ಕೊನೆಗೆ ಅದು ತಾನಾಗಿಯೇ ಒಂದು ದಾರಿ ಹಿಡಿಯಿತು. ನನ್ನ ಮನಸ್ಸು ಚೆನ್ನಾಗಿದ್ದಾಗ 'ನೋಡಮ್ಮ', ಸಿಟ್ಟು ಬಂದಾಗ 'ಮೇಡಂ'. ಸ್ವಲ್ಪ ದಿನದಲ್ಲೇ ಆಕೆಗೂ ಇದು ಅರ್ಥವಾಯಿತು ಅಂತ ಕಾಣುತ್ತದೆ. ನಾನು ಬಾಗಿಲಲ್ಲಿ "ಬಂದೆ ಮೇಡಂ" ಅಂದರೆ ಆ ದಿನ ಜಾಸ್ತಿ ಮಾತಾಡುತ್ತಿರಲಿಲ್ಲ. ಅವರಿಗೆ ನಾನು ಕೊನೆಯವರೆಗೂ 'ಆಂಟಿ', 'ನೀವು'.

ಇನ್ನು ಪಟ್ಟಿಯ ವಿಷಯ.

ಫ್ರಿಜ್ಜಿನ ಬಾಗಿಲಿಗೆ ಎರಡು ಹಾಳೆ ಅಂಟಿಸಿದ್ದರು. ಪ್ರಿಂಟ್ ಹಾಕಿಸಿದ್ದು, ಕೈಬರಹವಲ್ಲ. ಪಾಪುವಿನ ಊಟಕ್ಕೆ ಉಪ್ಪು ಬೇಡ, ಸಕ್ಕರೆ ಬೇಡ, ಬೆಲ್ಲವೂ ಬೇಡ. ಜೇನುತುಪ್ಪ ಮುಟ್ಟಿಸಕೂಡದು. ಕಣ್ಣಿಗೆ ಕಾಡಿಗೆ ಹಚ್ಚಬಾರದು. ಮಲಗಿಸುವಾಗ ಬೆನ್ನ ಮೇಲೆ, ದಿಂಬಿಲ್ಲದೆ. ಮೊಬೈಲ್, ಟಿ.ವಿ. ತೋರಿಸಬಾರದು. ವಾಕರ್ ಯಾರಾದರೂ ತಂದುಕೊಟ್ಟರೂ ಒಳಗೆ ಇಡಬಾರದು. ಫ್ರಿಜ್ಜಿನಲ್ಲಿ ಸಣ್ಣ ಸಣ್ಣ ಬಾಟಲಿಗಳಲ್ಲಿ ಎದೆಹಾಲು, ಪ್ರತಿಯೊಂದರ ಮೇಲೂ ತಾರೀಖು, ಗಂಟೆ. ಹೊರಗೆ ತೆಗೆದರೆ ಎರಡು ಗಂಟೆಯೊಳಗೆ ಮುಗಿಸಬೇಕು, ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಬೇಕು, ಒಲೆಯ ಮೇಲೆ ಕಾಯಿಸಬಾರದು.

ಪಟ್ಟಿಯ ಕೊನೆಯಲ್ಲಿ ಹಾಲ್‌ನಲ್ಲಿ ಕ್ಯಾಮೆರಾ ಇದೆ ಅಂತ ಒಂದು ಸಾಲು.

ನನಗೆ ಉರಿದು ಹೋಯಿತು. ಎರಡು ಮಕ್ಕಳನ್ನು ಸಾಕಿದವಳಿಗೆ ಮಗು ಮಲಗಿಸುವುದು ಹೇಗೆ ಅಂತ ಪ್ರಿಂಟ್ ಹಾಕಿ ಹೇಳುತ್ತಾರೆ! ನನ್ನ ಮಗಳ ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಹೊಲಿದವಳು ನಾನು. ನಾಲಿಗೆ ತಿರುಗಲಿ ಅಂತ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದವಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಗಾದೆ ಕೇಳಿಕೊಂಡು ಬೆಳೆದವಳು. ಈ ಮನೆಯಲ್ಲಿ ಉಪ್ಪು ಹಾಕುವ ಹಾಗಿಲ್ಲ, ತಾಯಿ ಸಂಜೆವರೆಗೆ ಬರುವ ಹಾಗಿಲ್ಲ. ಅನ್ನ ಬೇಳೆ ಕಿವುಚಿ ಒಂದು ಬೆರಳು ತುಪ್ಪ ಹಾಕಿ ನಾನೇ ಒಂದು ಚಮಚ ಬಾಯಿಗಿಟ್ಟು ನೋಡಿದೆ. ಸಪ್ಪೆ. ಪಾಪು ಮಾತ್ರ ಬಾಯಿ ಚಪ್ಪರಿಸಿಕೊಂಡು ತಿಂದಿತು. ಅದಕ್ಕೆ ಉಪ್ಪು ಅಂದರೆ ಏನೆಂದೇ ಗೊತ್ತಿರಲಿಲ್ಲವಲ್ಲ.

ಸಿಟ್ಟಿನಲ್ಲೇ ರಾತ್ರಿ ಮಗಳಿಗೆ ಫೋನ್ ಮಾಡಿದೆ. ಅವಳು ನರ್ಸಿಂಗ್ ಓದಿದವಳು. ನನ್ನ ಪರ ಮಾತಾಡುತ್ತಾಳೆ ಅಂದುಕೊಂಡರೆ, "ಅಮ್ಮಾ, ಅವರು ಹೇಳಿರೋದು ಸರಿಯಾಗೇ ಇದೆ" ಅಂದಳು. ಜೇನಿನಲ್ಲಿ ಕೆಲವೊಮ್ಮೆ ಒಂದು ಬ್ಯಾಕ್ಟೀರಿಯಾದ ಬೀಜಕಣ ಇರುತ್ತದಂತೆ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅದು ಮೊಳೆತು ವಿಷವಾಗಬಹುದು, ಬೊಟುಲಿಸಂ ಅನ್ನುತ್ತಾರೆ. ಎಳೆ ಮೂತ್ರಪಿಂಡಕ್ಕೆ ಉಪ್ಪಿನ ಹೊರೆ ಬೇಡ. ದಿಂಬು, ಮೆತ್ತನೆ ಹೊದಿಕೆ ಮುಖಕ್ಕೆ ಮುಚ್ಚಿಕೊಂಡರೆ ಪುಟ್ಟ ಮಗು ತಾನಾಗಿ ಸರಿಸಿಕೊಳ್ಳಲಾರದು. ಕಾಡಿಗೆಯಲ್ಲಿ ಸೀಸ ಇರಬಹುದು. ಒಂದೊಂದಾಗಿ ಹೇಳಿದಳು.

"ಮತ್ತೆ ನಿಂಗೆ ಜೇನು ನೆಕ್ಕಿಸಿದ್ನಲ್ಲೇ?"

"ನನ್ನ ಅದೃಷ್ಟ ಚೆನ್ನಾಗಿತ್ತು ಬಿಡು."

ಆ ಮಾತು ನನಗೆ ಒಂದು ವಾರ ಜೀರ್ಣವಾಗಲಿಲ್ಲ. ಮಕ್ಕಳನ್ನು ಚೆನ್ನಾಗಿ ಬೆಳೆಸಿದೆ ಅಂತ ನನಗೊಂದು ಹೆಮ್ಮೆ ಇತ್ತು. ಅದರಲ್ಲಿ ಅದೃಷ್ಟಕ್ಕೂ ಒಂದು ಪಾಲಿದೆ ಅಂತ ಯಾರೂ ಹೇಳಿರಲಿಲ್ಲ.

ಮನೆ ಚಾಮುಂಡಿಪುರಂನಲ್ಲಿ, ಕೆಲಸ ಗೋಕುಲಂನಲ್ಲಿ. ಸಿಟಿ ಬಸ್ ಸ್ಟ್ಯಾಂಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ ಆಗಿತ್ತು. ಸಂಬಳ ಮಾತಾಡುವಾಗ ಹೋಗಿ ಬರುವ ಖರ್ಚು ಅಂತ ನಾನು ಬಾಯಿ ತೆಗೆದರೆ, "ಬಸ್ ಫ್ರೀ ಅಲ್ವಾ ಆಂಟಿ" ಅಂದುಬಿಟ್ಟರು. ಸರ್ಕಾರ ನನಗೆ ಕೊಟ್ಟಿದ್ದು ಅವರ ಲೆಕ್ಕಕ್ಕೆ ಜಮೆಯಾಯಿತು.

ಎರಡನೇ ಬಸ್ಸು ಕೆ.ಆರ್.ಎಸ್. ರಸ್ತೆಯಲ್ಲಿ ಸಿ.ಎಫ್.ಟಿ.ಆರ್.ಐ. ಮುಂದೆ ಹೋಗುತ್ತದೆ. ಅರಮನೆಯ ಹೆಣ್ಣುಮಗಳಿಗೆ ಅಂತ ಕಟ್ಟಿಸಿದ ಚೆಲುವಾಂಬ ಮ್ಯಾನ್ಷನ್ ಅದು. 1950ರಲ್ಲಿ ಆಹಾರ ಸಂಶೋಧನೆಯ ಸಂಸ್ಥೆಯಾಯಿತು. ಎಮ್ಮೆ ಹಾಲಿನಿಂದ ಎಳೆ ಮಕ್ಕಳಿಗೆ ಒಗ್ಗುವ ಪುಡಿ ಮಾಡುವ ವಿಧಾನವನ್ನು ಕಂಡುಹಿಡಿದದ್ದು ಇಲ್ಲಿಯ ವಿಜ್ಞಾನಿಗಳೇ. ಅಮುಲ್ ಡಬ್ಬದಲ್ಲಿ ಬಂದದ್ದು ಅದೇ. ನನ್ನ ಮಗ ಆ ಡಬ್ಬದ ಮೇಲೇ ಬೆಳೆದ. ಮೂರನೇ ತಿಂಗಳಿಗೇ ನನಗೆ ಹಾಲು ಬತ್ತಿತ್ತು. ಅತ್ತೆ ಪ್ರತಿ ಡಬ್ಬ ತೆರೆಯುವಾಗಲೂ ಒಂದು ಮಾತು ಆಡುತ್ತಿದ್ದರು. ಹಾಗಾಗಿ ಈ ಮನೆಯ ಫ್ರಿಜ್ಜಿನಲ್ಲಿ ಸಾಲಾಗಿ ನಿಂತ ಬಾಟಲಿಗಳನ್ನು ನೋಡಿದಾಗ ಮೊದಲು ಮುಜುಗರ, ಆಮೇಲೆ ಹೊಟ್ಟೆಕಿಚ್ಚು. ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು, ದಿನಕ್ಕೆ ಎರಡು ಸಲ ಹಾಲು ತೆಗೆದು, ಐಸಿನ ಚೀಲದಲ್ಲಿ ತರುತ್ತಿದ್ದರು ಆಕೆ. ಹೆರಿಗೆ ರಜೆ 26 ವಾರ. 2017ಕ್ಕೆ ಮುಂಚೆ 12 ವಾರ ಇತ್ತು. ಅದು ಮುಗಿದು ಎರಡು ತಿಂಗಳು ಅವರತ್ತೆ ಬಂದು ನೋಡಿಕೊಂಡಿದ್ದರು. ಅವರು ಊರಿಗೆ ಹೊರಟ ಮೇಲೆ ನನ್ನ ಸರದಿ. ಆಕೆಯ ಗಂಡನಿಗೆ ಬೆಂಗಳೂರಿನಲ್ಲಿ ಕೆಲಸ, ಶುಕ್ರವಾರ ರಾತ್ರಿ ಬಂದು ಸೋಮವಾರ ಬೆಳಗಿನ ರೈಲಿಗೆ ಹೋಗುತ್ತಿದ್ದರು.

ಪಟ್ಟಿಯ ಜೊತೆ ಒಂದು ಲಾಂಗ್ ನೋಟ್‌ಬುಕ್ ಕೊಟ್ಟಿದ್ದರು. ಪಾಪು ತಿಂದದ್ದು, ಕುಡಿದದ್ದು, ಮಲಗಿದ್ದು, ಎದ್ದದ್ದು, ಕಕ್ಕ, ಸುಸ್ಸು, ಎಲ್ಲ ಗಂಟೆ ಸಮೇತ ಬರೆಯಬೇಕು. ಮೊದಲ ದಿನ ನಾನು 'ಮಧ್ಯಾಹ್ನ ಚೆನ್ನಾಗಿ ಊಟ ಮಾಡಿತು' ಅಂತ ಬರೆದೆ. ಸಂಜೆ ಓದಿ, "ಚೆನ್ನಾಗಿ ಅಂದ್ರೆ ಎಷ್ಟು ಆಂಟಿ?" ಅಂದರು.

"ಅಂದ್ರೆ... ಹೊಟ್ಟೆ ತುಂಬ."

"ಎಷ್ಟು ಚಮಚ ಅಂತ ಬರೀರಿ. ಯಾವ ಚಮಚ ಅಂತಾನೂ."

ಮಾರನೆಯ ದಿನ ಎಣಿಸಿದೆ. ಹನ್ನೊಂದು ಚಮಚ, ಅದರಲ್ಲಿ ಮೂರು ಬಿಬ್ ಮೇಲೆ. ಹಟಕ್ಕೇ ಹಾಗೆ ಬರೆದೆ. ಆಕೆ ಓದಿ ನಕ್ಕರು. ಆ ಮನೆಯಲ್ಲಿ ಅವರು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು.

ಎಣಿಸುವುದು ಶುರು ಮಾಡಿದ ಮೇಲೆ ನೋಡುವುದೂ ಶುರುವಾಯಿತು. ಊಟಕ್ಕೆ ಮುಂಚೆ ಪಾಪು ಎಡಗಿವಿ ಎಳೆದುಕೊಂಡರೆ ನಿದ್ದೆ, ಎರಡೂ ಕೈ ಬಡಿದರೆ ಹಸಿವು. ಹತ್ತೂವರೆಗೆ ಕೆಳಗೆ ಎಳನೀರಿನ ಗಾಡಿಯವನು ಮಚ್ಚಿನಿಂದ ಕಾಯಿ ಕೆತ್ತುವ ಸದ್ದು ಕೇಳಿದರೆ ಅಳು ನಿಲ್ಲುತ್ತಿತ್ತು. ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡು ಯೋಗ ಕಲಿಯಲು ಬರುವ ವಿದೇಶದವರನ್ನು ಬಾಲ್ಕನಿಯಿಂದ ಕಂಡರೆ ಕೇಕೆ. (ಗೋಕುಲಂನಲ್ಲಿ ಅವರಿಗೇನು ಬರವಿಲ್ಲ.) ನನ್ನ ಸ್ವಂತ ಮಕ್ಕಳನ್ನು ನಾನು ಹೀಗೆ ನೋಡಿದ್ದೆನಾ ಅಂತ ಕೇಳಿಕೊಂಡರೆ ಇಲ್ಲ ಅನ್ನಿಸುತ್ತದೆ. ಆಗ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಸೌಟು. ಪುರುಸೊತ್ತು ಎಲ್ಲಿತ್ತು?

ಸೋತದ್ದು ನಾನೊಬ್ಬಳೇ ಅಲ್ಲ, ಪಟ್ಟಿಯೂ ಸ್ವಲ್ಪ ಸೋತಿತು. ಅಂಗಡಿಯ ಸಿಹಿ ಪುಡಿ ಯಾಕೆ, ರಾಗಿ ಸರಿ ಮಾಡಿಕೊಡುತ್ತೇನೆ ಅಂದೆ. ವಿಧಾನ ಪೂರ್ತಿ ಕೇಳಿದರು. ರಾಗಿ ತೊಳೆದು ರಾತ್ರಿಯೆಲ್ಲ ನೆನೆಸಬೇಕು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು, ನೆರಳಲ್ಲಿ ಒಣಗಿಸಿ ಘಮ್ಮನ್ನುವ ತನಕ ಹುರಿಯಬೇಕು, ಬೀಸಿ ತೆಳು ಪಂಚೆ ಬಟ್ಟೆಯಲ್ಲಿ ಸೋಸಬೇಕು. ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡು ಒಪ್ಪಿದರು. ಪಟ್ಟಿಯಲ್ಲಿ ಪೆನ್ನಿನಿಂದ ಒಂದು ಸಾಲು ಸೇರಿತು: 'ರಾಗಿ ಸರಿ, ಆಂಟಿ ವಿಧಾನ.' ಆಕೆಯ ತಾಯಿ ಕೊಟ್ಟಿದ್ದ, ಮಗುವಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆಗೂ ಕಪಾಟಿನಿಂದ ಬಿಡುಗಡೆ ಸಿಕ್ಕಿತು. ಪಾಪು ಒಳಲೆಯನ್ನು ಎರಡು ದಿನ ಕಚ್ಚಿ ಆಟವಾಡಿ ಬಿಸಾಕಿತು, ಅದು ಬೇರೆ ಮಾತು.

ಆದರೆ ಆ ರಾಗಿಯನ್ನು ನೆನೆಸಿ, ಹುರಿದು, ಸೋಸುತ್ತಿದ್ದದ್ದು ನನ್ನ ಮನೆಯಲ್ಲಿ, ನನ್ನ ಭಾನುವಾರ, ನನ್ನ ಗ್ಯಾಸಿನಲ್ಲಿ.

ಕಷ್ಟ ಶುರುವಾದದ್ದು ಇಲ್ಲಿ. ಪಾಪುವಿನ ಹೊತ್ತಿಗೆ ಆ ಮನೆಯಲ್ಲಿ ನಿಮಿಷದ ಲೆಕ್ಕ. ನನ್ನ ಹೊತ್ತಿಗೆ ಗಡಿಯಾರವೇ ಇರಲಿಲ್ಲ. ಮಾತಾಗಿದ್ದು ಬೆಳಿಗ್ಗೆ 9ರಿಂದ ಸಂಜೆ 6:30, ತಿಂಗಳಿಗೆ 11,000 ರೂಪಾಯಿ. ನಾನು 9:10ಕ್ಕೆ ಬಂದರೆ "ಇವತ್ತು ಲೇಟಾಯ್ತಾ ಆಂಟಿ?" ಆಕೆ 7:45ಕ್ಕೆ ಬಂದರೆ "ಟ್ರಾಫಿಕ್". ಪಾಪು ಮಲಗಿದ್ದಾಗ 'ಹಾಗೇ' ಎರಡು ಪಾತ್ರೆ. 'ಹಾಗೇ' ಬಟ್ಟೆ ಮಡಚುವುದು. ಈ 'ಹಾಗೇ' ಅನ್ನುವ ಪದ ಇದೆಯಲ್ಲ, ಅದಕ್ಕಿಂತ ದುಬಾರಿ ಪದ ಕನ್ನಡದಲ್ಲಿ ಇನ್ನೊಂದಿಲ್ಲ. ಹೇಳುವವರಿಗೆ ಪುಕ್ಕಟೆ.

ದಸರಾ ಬಂತು. ಅಕ್ಟೋಬರ್ 24, ಮಂಗಳವಾರ, ವಿಜಯದಶಮಿ. ಬೇರೆ ದೇಶದ ಕ್ಲೈಂಟಿಗೆ ನಮ್ಮ ದಸರಾ ಇಲ್ಲ, ಮನೆಯಿಂದಲೇ ಕೆಲಸ ಮಾಡಬೇಕು, ಸ್ವಲ್ಪ ಬಂದುಬಿಡಿ ಅಂದರು. ಜಂಬೂಸವಾರಿ ದಿನ ಚಾಮುಂಡಿಪುರಂನಿಂದ ಗೋಕುಲಂಗೆ ಹೋಗುವುದು ಅಂದರೆ ಏನು ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಅರಮನೆಯಿಂದ ಬನ್ನಿಮಂಟಪದವರೆಗೆ ಊರಿನ ನಡುವೆ ಗೆರೆ ಎಳೆದ ಹಾಗೆ ರಸ್ತೆ ಬಂದ್. ಬಸ್ಸುಗಳು ಎಲ್ಲೆಲ್ಲೋ ಸುತ್ತುತ್ತವೆ. ಬೆಳಿಗ್ಗೆ ಬೇಗ ಹೋದೆ. ರಾತ್ರಿ ಜನರ ನಡುವೆ ನೂಕಿಸಿಕೊಂಡು ಮನೆ ಸೇರುವಾಗ ಹತ್ತು ಗಂಟೆ. ನಮ್ಮನೆಗೆ ಬಂದ ನೆಂಟರಿಗೆ ಇವರೇ ಕಾಫಿ ಮಾಡಿ ಕೊಟ್ಟಿದ್ದರು.

ಆಮೇಲಿನ ವಾರ ಬಸ್ಸಿನಲ್ಲಿ ಅಳು ಬಂತು. ಪಕ್ಕದಲ್ಲಿ ದಿನವೂ ಕೂರುವ ಒಬ್ಬಾಕೆ, ಮಂಡ್ಯ ಕಡೆಯವಳು, ನಾಲ್ಕು ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಕೇಳಿ ಸುಮ್ಮನಿದ್ದು ಆಮೇಲೆ ಅಂದಳು: "ಮಗೀದು ಬರೀತೀಯಲ್ಲಕ್ಕ, ಅದ್ರಲ್ಲೇ ನಿಂದೂ ಬರ್ಕೊ. ಬಂದಿದ್ದೆಷ್ಟೊತ್ತು, ಓಗಿದ್ದೆಷ್ಟೊತ್ತು. ಬಾಯ್ಮಾತ್ನಾಗೆ ಕೇಳುದ್ರೆ ಜಗಳ ಆಯ್ತದೆ ಕಣಕ್ಕ." ಮನೆಕೆಲಸದವರನ್ನು ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನದ ಪಟ್ಟಿಗೆ ಸೇರಿಸಿದೆ ಅನ್ನುವುದೂ ನನಗೆ ಗೊತ್ತಾದದ್ದು ಅವಳಿಂದ. ನಾನು ಬಿ.ಎ. ಓದಿದವಳು. ಅವಳು ಏಳನೇ ಕ್ಲಾಸು.

ನವೆಂಬರ್ 1ನೇ ತಾರೀಖು ನೋಟ್‌ಬುಕ್ಕಿನ ಬಲಗಡೆ ಒಂದು ಗೆರೆ ಎಳೆದೆ. ಮೇಲೆ 'ಆಂಟಿ' ಅಂತ ಬರೆದೆ. ಕೆಳಗೆ ಬಂದ ಗಂಟೆ, ಹೋದ ಗಂಟೆ. ಭಾನುವಾರದ ರಾಗಿಗೆ ಎರಡು ಗಂಟೆ. ನಾನು ತಡವಾಗಿ ಬಂದ ದಿನ ಆ ಹತ್ತು ನಿಮಿಷವನ್ನೂ ಬರೆದೆ, ಕಳೆದೆ. ಆಕೆ ದಿನಾ ಸಂಜೆ ಓದುತ್ತಿದ್ದರು. ಆ ಕಾಲಂ ಕಣ್ಣಿಗೆ ಬೀಳದೆ ಇರಲಿಲ್ಲ. ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಇಡೀ ತಿಂಗಳು ನಾನು 'ಮೇಡಂ' ಅಂತಲೇ ಕರೆದೆ.

ತಿಂಗಳ ಕೊನೆಗೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂದೆ ಕೂಡಿಸಿದೆ. ಜಾಸ್ತಿ ಆದದ್ದು 33 ಗಂಟೆ 20 ನಿಮಿಷ. ತಿಂಗಳಿಗೆ 22 ದಿನ, ದಿನಕ್ಕೆ ಒಂಬತ್ತೂವರೆ ಗಂಟೆ ಅಂತ ಹಿಡಿದರೆ ನನ್ನ ಗಂಟೆಗೆ 52 ರೂಪಾಯಿ ಚಿಲ್ಲರೆ. ಒಟ್ಟು ಸುಮಾರು 1,750. ಆಯಾ ಕೆಲಸ ಅಂತ ಮೂಗು ಮುರಿದಿದ್ದ ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. "ತಪ್ಪು ಲೆಕ್ಕ. ಓಟಿ ಅಂದ್ರೆ ಡಬಲ್. 1948ರ ಕಾರ್ಖಾನೆ ಕಾಯ್ದೇಲೇ ಇದೆ" ಅಂದರು. ಅದು ಮನೆ, ಕಾರ್ಖಾನೆ ಅಲ್ಲ ಅಂದೆ. "ಕೆಲಸ ಕೆಲಸಾನೇ" ಅಂದರು. ಅವರ ಬಾಯಲ್ಲಿ ನನ್ನ ಕೆಲಸಕ್ಕೆ 'ಕೆಲಸ' ಅನ್ನುವ ಹೆಸರು ಬಂದದ್ದು ಅವತ್ತೇ. ನಾನು ಡಬಲ್ ಕೇಳಲಿಲ್ಲ.

ಸಂಬಳದ ದಿನ ಪುಸ್ತಕ ತೆರೆದು ಅವರ ಮುಂದಿಟ್ಟೆ. ಕೈ ನಡುಗುತ್ತಿತ್ತು.

"ನೀವು ಹೇಳಿದ ಹಾಗೇ ಬರೆದಿದ್ದೀನಿ ಮೇಡಂ. ಎಷ್ಟು ಅಂತ."

ಆಕೆ ತಲೆ ಎತ್ತಲಿಲ್ಲ. ಫೋನ್ ತೆಗೆದು ಒಂದೊಂದು ಸಾಲನ್ನೂ ಕೂಡಿಸಿದರು. ನನಗೆ ಅವಮಾನ ಅನ್ನಿಸಿತು. ಆಮೇಲೆ, "ಹದಿನಾರನೇ ತಾರೀಖು ತಪ್ಪಾಗಿದೆ ಆಂಟಿ" ಅಂದರು. ನನ್ನ ಎದೆ ಧಸಕ್ ಅಂತು. "ಅವತ್ತು ನಾನು ಬಂದಿದ್ದು ಎಂಟು ಗಂಟೆಗೆ. ನೀವು ಏಳೂಮುಕ್ಕಾಲು ಅಂತ ಬರ್ದಿದ್ದೀರ." ಕಾಲು ಗಂಟೆ ನನ್ನ ಕಡೆಗೆ ಸೇರಿಸಿದರು. ದುಡ್ಡು ಪೂರ್ತಿ ಕೊಟ್ಟರು. ಸಾರಿ ಅಂತ ಹೇಳಲಿಲ್ಲ. ಪಾತ್ರೆ, ಬಟ್ಟೆ ಅವತ್ತಿನಿಂದ ನಿಂತಿತು. ತಡವಾಗುವುದು ನಿಲ್ಲಲಿಲ್ಲ, ಆದರೆ ತಡಕ್ಕೆ ಬೆಲೆ ಬಂತು. ಕಟ್ಟುನಿಟ್ಟಿನವರ ಮನೆಯಲ್ಲಿ ಇದೊಂದು ಅನುಕೂಲ. ಲೆಕ್ಕ ಅವರ ಕಡೆಯಿಂದ ಬಂದರೂ ಲೆಕ್ಕವೇ, ನಮ್ಮ ಕಡೆಯಿಂದ ಹೋದರೂ ಲೆಕ್ಕವೇ. ಇದಾದ ಮೇಲೆ ನೋಡಿದ್ದೇನೆ, "ನೀವು ನಮ್ಮನೆಯವರ ಹಾಗೇ" ಅಂತ ಬಾಯಿ ತುಂಬ ಹೇಳುವವರ ಹತ್ತಿರ ಹತ್ತು ರೂಪಾಯಿ ಕೇಳುವುದೂ ಕಷ್ಟ.

ಆ ಪುಸ್ತಕದಲ್ಲಿ ನಾನು ಬರೆಯದೆ ಬಿಟ್ಟದ್ದು ಒಂದೇ ಒಂದು. ಜನವರಿಯ ಒಂದು ಮಧ್ಯಾಹ್ನ, ಪಾಪುವಿಗೆ ಹದಿಮೂರು ತಿಂಗಳು. ಸೋಫಾ ಹಿಡಿದು ನಿಂತಿತ್ತು. ಕೈ ಬಿಟ್ಟಿತು. ನಾಲ್ಕು ಹೆಜ್ಜೆ ಇಟ್ಟು ನನ್ನ ಮಡಿಲಿಗೆ ಬಿತ್ತು. ಪೆನ್ನು ಹಿಡಿದು ಕೂತೆ. 3:40 ಅಂತ ಗಂಟೆಯನ್ನೂ ಬರೆದೆ. ಮುಂದೆ ಬರೆಯಲು ಆಗಲಿಲ್ಲ. ಕೊನೆಗೆ '3:40 – ಬಾಳೆಹಣ್ಣು, ಅರ್ಧ' ಅಂತ ಬರೆದೆ. ಬಾಳೆಹಣ್ಣೂ ನಿಜವೇ, ಆಮೇಲೆ ಕೊಟ್ಟೆ.

ಬರೆದ ಮೇಲೆ ಕ್ಯಾಮೆರಾ ನೆನಪಾಯಿತು. ಅವತ್ತು ಸಂಜೆಯೆಲ್ಲ ಬೆವರಿದೆ. ಎರಡು ದಿನ ಬಿಟ್ಟು ಶನಿವಾರ ಫೋನ್ ಬಂತು. "ಆಂಟಿ! ನಡೀತು ಆಂಟಿ! ಫಸ್ಟ್ ಟೈಮ್! ನಾನೇ ನೋಡ್ದೆ!" ಹಿಂದಿನಿಂದ ಅವರ ಗಂಡನ ಚಪ್ಪಾಳೆ. "ಹೌದಾ ನೋಡಮ್ಮ, ಎಷ್ಟು ಹೆಜ್ಜೆ?" ಅಂದೆ. "ಆರು!" ಅಂದರು. ಎಣಿಸಿದ್ದರು.

ಕ್ಯಾಮೆರಾದ ಕಥೆ ತಿಳಿದದ್ದು ಬೇಸಿಗೆಯಲ್ಲಿ. ಎಲೆಕ್ಟ್ರಿಶಿಯನ್ ಬಂದು ಅದನ್ನು ಬಿಚ್ಚುವಾಗ, "ಇದು ದೀಪಾವಳಿಯಿಂದ ಕೆಟ್ಟಿದೆ ಆಂಟಿ, ರಿಪೇರಿ ಮಾಡ್ಸೋಕೆ ಆಗ್ಲೇ ಇಲ್ಲ" ಅಂದರು ಆಕೆ. ಆರು ತಿಂಗಳು ನಾನು ಆ ಸತ್ತ ಕ್ಯಾಮೆರಾದ ಮುಂದೆ ಸೆರಗು ಸರಿ ಮಾಡಿಕೊಂಡು ಓಡಾಡಿದ್ದೆ. ಒಂದು ದಿನವೂ ಸೋಫಾ ಮೇಲೆ ಕಾಲು ಚಾಚಿ ಕೂತಿರಲಿಲ್ಲ.

2025ರ ಜೂನ್‌ನಲ್ಲಿ ಪಾಪುವನ್ನು ಪ್ಲೇ ಹೋಂಗೆ ಸೇರಿಸಿದರು. ಮೇ ಕೊನೆಯ ಶುಕ್ರವಾರ ನನ್ನ ಕೊನೆಯ ದಿನ. ಅಷ್ಟರಲ್ಲಿ ನೋಟ್‌ಬುಕ್ ಒಂಬತ್ತಾಗಿತ್ತು. ಚಮಚ ಎಣಿಸುವುದು ಎಂದೋ ನಿಂತಿತ್ತು, ಆದರೆ ಪುಸ್ತಕ ನಿಂತಿರಲಿಲ್ಲ. ಪಾಪು ಆಡಿದ ಮಾತುಗಳೇ ಅದರಲ್ಲಿ ಜಾಸ್ತಿ.

ಅವತ್ತು ಆಕೆ ಸರಿಯಾಗಿ ಆರೂಕಾಲಿಗೇ ಬಂದರು. ಪಾಪು ನನ್ನ ತೊಡೆಯ ಮೇಲೆ ಮಲಗಿತ್ತು. ಸಂಜೆ ಹೊತ್ತು ಮಲಗಬಾರದು ಅಂತ ಪಟ್ಟಿಯಲ್ಲೇ ಇತ್ತು. ಎಬ್ಬಿಸಿ ಅಂತ ಆಕೆ ಹೇಳಲಿಲ್ಲ. ಕಾಫಿ ಮಾಡಿ ತಂದು ಪಕ್ಕದಲ್ಲಿಟ್ಟು ಎದುರಿಗೆ ಕೂತರು. ಹೊರಗೆ ಮಳೆ ಬರುವ ಹಾಗಿತ್ತು. ಪಾಪು ಎದ್ದ ಮೇಲೆ ಪುಸ್ತಕ ತೆಗೆದುಕೊಂಡು ಕೊನೆಯ ಸಾಲು ಬರೆದೆ. ನನ್ನ ಕಾಲಂನಲ್ಲಿ ಹೋದ ಗಂಟೆ 6:30 ಅಂತ ಹಾಕಿದೆ.

ಆಕೆ ಪುಸ್ತಕ ತಿರುಗಿಸಿಕೊಂಡು ನೋಡಿದರು. ಗೋಡೆಯ ಗಡಿಯಾರ ನೋಡಿದರು. ಪೆನ್ನು ತೆಗೆದುಕೊಂಡು 6:30 ಹೊಡೆದು ಹಾಕಿ ಪಕ್ಕದಲ್ಲಿ 7:10 ಅಂತ ಬರೆದರು.